ಶೋ ಮುಗಿದರೂ ಬಾರದ ಸಂಭಾವನೆ: ಬಾಕಿ ವಸೂಲಿ ಮಾಡಿದ ಬಗೆ

ಬೆಂಗಳೂರಿನ ಒಂದು ಇವೆಂಟ್ ಕಂಪನಿಯಲ್ಲಿ ಮೊದಲು ತಿಂಗಳ ಸಂಬಳಕ್ಕೆ ಹಾಡುತ್ತಿದ್ದೆ. ಕೆಲಸ ಬಿಟ್ಟ ಮೇಲೆ ಅದೇ ಕಂಪನಿಗೆ ಶೋಗೆ ಇಷ್ಟು ಎಂಬ ಮಾತಿನ ಮೇಲೆ ಹೋಗುತ್ತಿದ್ದೆ. ಬಾಕಿ ಎರಡೂ ಕಡೆ ನಿಂತಿತು. ಹಾಡುವವರು, ಕುಣಿಯುವವರು, ನಿರೂಪಕರು, ಕೀಬೋರ್ಡ್ ನುಡಿಸುವವರು ಹೀಗೆ ಅನೇಕರದು ಇದೇ ಸ್ಥಿತಿ. ಎರಡನ್ನೂ ಕೂಡಿಸಿ ಒಂದೇ ಮೊತ್ತ ಮಾಡಿ ಕೇಳಿದರೆ ಯಾವ ಕಚೇರಿಯಲ್ಲೂ ಕೆಲಸ ಆಗುವುದಿಲ್ಲ. ಸಂಬಳಕ್ಕೆ ಕಾರ್ಮಿಕ ಇಲಾಖೆ ಇದೆ, ಶೋ ಸಂಭಾವನೆಗೆ ದಾರಿ ಬೇರೆ. ಮೊದಲು ಲೆಕ್ಕವನ್ನು ಎರಡು ಹಾಳೆ ಮಾಡಬೇಕು.

ಸಂಬಳದ ಹಾಳೆಯಲ್ಲಿ ತಿಂಗಳು, ಒಪ್ಪಿದ ಮೊತ್ತ, ಬಂದದ್ದು, ಬಾಕಿ. ಶೋ ಹಾಳೆಯಲ್ಲಿ ದಿನಾಂಕ, ಊರು, ಸ್ಥಳ, ಯಾರು ಕರೆದದ್ದು, ಒಪ್ಪಿದ ಸಂಭಾವನೆ, ಅಡ್ವಾನ್ಸ್, ಬಾಕಿ. ಪ್ರತಿ ಸಾಲಿಗೂ ಒಂದು ಸಾಕ್ಷಿ ಜೋಡಿಸಿ: ಕರೆದ ಮೆಸೇಜ್, ಬ್ಯಾನರ್ ಅಥವಾ ಪೋಸ್ಟರ್, ಸೌಂಡ್ ಚೆಕ್ ಸಮಯ ತಿಳಿಸಿದ ಗ್ರೂಪ್ ಸಂದೇಶ, ವೇದಿಕೆಯ ವಿಡಿಯೊ, ಅಡ್ವಾನ್ಸ್ ಬಿದ್ದ ಬ್ಯಾಂಕ್ ಸ್ಟೇಟ್‌ಮೆಂಟ್. ಸ್ಕ್ರೀನ್‌ಶಾಟ್ ಒಂದೇ ಸಾಲದು. ವಾಟ್ಸ್‌ಆ್ಯಪ್ ಚಾಟನ್ನು ಪೂರ್ತಿ ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ, ಫೋನನ್ನೂ ಕಾಪಾಡಿಕೊಳ್ಳಿ. ನ್ಯಾಯಾಲಯಕ್ಕೆ ಹೋದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ: ಒಂದನ್ನು ನೀವು ತುಂಬಬೇಕು, ಇನ್ನೊಂದನ್ನು ತಜ್ಞರು. ಕಡತದ ಹ್ಯಾಶ್ ಮೌಲ್ಯವನ್ನೂ (ಕಡತ ಬದಲಾಗಿಲ್ಲ ಎಂದು ತೋರಿಸುವ ಸಂಕೇತ) ಬರೆಯಬೇಕು. ಚಾಟ್ ಡಿಲೀಟ್ ಆಗಿ ಸ್ಕ್ರೀನ್‌ಶಾಟ್ ಮಾತ್ರ ಉಳಿದಿದ್ದರೆ ತೊಡಕಾಗುವುದು ಇಲ್ಲೇ.

ಹೆಚ್ಚಿನ ಕಲಾವಿದರು ನೋಡದ ಇನ್ನೊಂದು ಸಾಕ್ಷಿ ಆದಾಯ ತೆರಿಗೆ ಪೋರ್ಟಲ್‌ನಲ್ಲಿರುತ್ತದೆ. ನಿಮ್ಮ ಪ್ಯಾನ್ ಹಾಕಿ ಎಐಎಸ್ (ವರ್ಷದ ಆದಾಯ, ತೆರಿಗೆಯ ಮಾಹಿತಿ ಪಟ್ಟಿ) ತೆರೆಯಿರಿ. ಕೈಗೆ ಬಾರದ ಮೊತ್ತಕ್ಕೂ ಕಂಪನಿ ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಕಟ್ಟಿದ್ದರೆ, ತನ್ನ ಪುಸ್ತಕದಲ್ಲಿ ನಿಮ್ಮ ಹೆಸರಿಗೆ ಆ ಖರ್ಚು ಬರೆದುಕೊಂಡಿದೆ ಎಂದೇ ಅರ್ಥ. ಆ ಪುಟವೊಂದರಿಂದಲೇ ಸಾಲ ಸಾಬೀತಾಗುವುದಿಲ್ಲ, ಆದರೆ ‘ಆ ಶೋ ನಮ್ಮದಲ್ಲ’ ಎಂಬ ವಾದ ಅಲ್ಲಿಗೆ ನಿಲ್ಲುತ್ತದೆ.

ಇನ್ನು ಯಾರ ಹೆಸರಿಗೆ ನೋಟಿಸ್ ಕಳಿಸಬೇಕು ಎಂಬುದು. ಬ್ಯಾನರ್ ಮೇಲಿನ ಹೆಸರಿಗೆ ನೋಟಿಸ್ ಕಳಿಸಿದರೆ ‘ಅಂಥ ಸಂಸ್ಥೆಯೇ ಇಲ್ಲ’ ಎಂಬ ಉತ್ತರ ಬರಬಹುದು. ಕಂಪನಿಯ ಹಳೆಯ ಬಿಲ್‌ನಲ್ಲಿ ಜಿಎಸ್‌ಟಿ ಸಂಖ್ಯೆ ಇರುತ್ತದೆ, ಕರ್ನಾಟಕದ್ದಾದರೆ 29ರಿಂದ ಶುರು. ಅದರ ಆರನೇ ಅಕ್ಷರ ನೋಡಿ: ‘ಪಿ’ ಇದ್ದರೆ ಒಬ್ಬ ವ್ಯಕ್ತಿಯ ಸ್ವಂತ ವ್ಯವಹಾರ, ‘ಎಫ್’ ಇದ್ದರೆ ಪಾಲುದಾರಿಕೆ ಸಂಸ್ಥೆ, ‘ಸಿ’ ಇದ್ದರೆ ಕಂಪನಿ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಆ ಸಂಖ್ಯೆ ಹಾಕಿದರೆ ಕಾನೂನುಬದ್ಧ ಹೆಸರು ಸಿಗುತ್ತದೆ. ನೋಟಿಸ್ ಅದೇ ಹೆಸರಿಗೆ ಹೋಗಬೇಕು.

ಇಷ್ಟಾದ ಮೇಲೆ ಒಂದು ಸಂದೇಶ ಬರೆಯಬೇಕು. ಇಡೀ ಪ್ರಯತ್ನದಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ನಾನು ಬಳಸಿದ ಮಾದರಿ ಹೀಗೆ: ‘ಸರ್, ಈ ಕೆಳಗಿನ ನಾಲ್ಕು ಕಾರ್ಯಕ್ರಮಗಳ ಸಂಭಾವನೆ ಒಟ್ಟು 48,000 ರೂ., ಬಂದ ಅಡ್ವಾನ್ಸ್ 10,000 ರೂ., ಬಾಕಿ 38,000 ರೂ. ಲೆಕ್ಕ ಸರಿ ಇದೆಯೇ ದಯವಿಟ್ಟು ತಿಳಿಸಿ. ಯಾವ ದಿನಾಂಕಕ್ಕೆ ಹಾಕುತ್ತೀರಿ?’ ಜಗಳವಿಲ್ಲ, ಬೆದರಿಕೆಯಿಲ್ಲ. ‘ಸರಿ ಇದೆ, ಗಣೇಶನ ಸೀಸನ್ ಮುಗೀಲಿ’ ಎಂದು ಉತ್ತರ ಬಂದರೆ ಸಾಲವನ್ನು ಬರಹದಲ್ಲಿ ಒಪ್ಪಿಕೊಂಡಂತಾಯಿತು. ಮಾಡಿದ ಕೆಲಸದ ಹಣಕ್ಕೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷದ ಗಡುವು, ಅದು ಪ್ರತಿ ಶೋಗೂ ಬೇರೆ ಬೇರೆ ಓಡುತ್ತದೆ. ಗಡುವು ಮುಗಿಯುವ ಮೊದಲು ಸಹಿ ಹಾಕಿದ ಬರಹದಲ್ಲಿ ಬಾಕಿ ಒಪ್ಪಿಕೊಂಡರೆ ಆ ದಿನದಿಂದ ಹೊಸ ಮೂರು ವರ್ಷ ಸಿಗುತ್ತದೆ. ಆದ್ದರಿಂದ ಚಾಟ್‌ನ ಜೊತೆಗೆ ಕಂಪನಿಯ ಇಮೇಲ್‌ನಿಂದ ಅಥವಾ ಲೆಟರ್‌ಹೆಡ್‌ನಲ್ಲಿ ಒಪ್ಪಿಗೆ ತೆಗೆದುಕೊಳ್ಳುವುದು ಒಳ್ಳೆಯದು.

‘ಪಾರ್ಟಿಯಿಂದ ನಮಗೇ ಇನ್ನೂ ಪೇಮೆಂಟ್ ಬಂದಿಲ್ಲ’ ಎಂಬ ಮಾತು ಈ ರಂಗದಲ್ಲಿ ಎಲ್ಲರ ಬಾಯಲ್ಲೂ ಇದೆ. ಒಪ್ಪಂದದಲ್ಲಿ ಹಾಗೆ ಬರೆದಿಲ್ಲವಾದರೆ ಅದಕ್ಕೆ ಬೆಲೆಯಿಲ್ಲ. ನಿಮ್ಮನ್ನು ಕರೆದದ್ದು ಕಂಪನಿ, ಕೊಡಬೇಕಾದ್ದೂ ಕಂಪನಿ. ಹಾಗೆಯೇ ಸ್ವಲ್ಪ ದುಡ್ಡು ಕೊಟ್ಟು ‘ಲೆಕ್ಕ ಚುಕ್ತಾ’ ಎಂದು ಸಹಿ ಕೇಳಿದರೆ ಹಾಕಬೇಡಿ. ದುಡ್ಡು ತೆಗೆದುಕೊಳ್ಳಿ, ರಸೀದಿಯಲ್ಲಿ ‘ಭಾಗಶಃ ಪಾವತಿ, ಇನ್ನೂ ಬಾಕಿ ಇಷ್ಟು’ ಎಂದು ಬರೆಯಿರಿ. 5,000 ರೂ. ಮೀರಿದ ರಸೀದಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟ್ಯಾಂಪ್ ಹಚ್ಚಬೇಕು.

ಸಂಬಳದ ಬಾಕಿಯಲ್ಲಿ ಮೊದಲ ವಾದ ‘ಇವರು ನಮ್ಮ ಉದ್ಯೋಗಿಯೇ ಅಲ್ಲ, ಫ್ರೀಲ್ಯಾನ್ಸರ್’ ಎಂಬುದು. ಒಪ್ಪಂದದ ತಲೆಬರಹಕ್ಕಿಂತ ನಡೆದ ರೀತಿ ಮುಖ್ಯ. ತಿಂಗಳಿಗೆ ನಿಶ್ಚಿತ ಮೊತ್ತ, ರಿಹರ್ಸಲ್‌ಗೆ ಹಾಜರಿ, ರಜೆಗೆ ಅನುಮತಿ, ಹೊರಗಿನ ಶೋಗೆ ಹೋಗಬಾರದೆಂಬ ನಿರ್ಬಂಧ, ಪಿಎಫ್ ಅಥವಾ ಇಎಸ್‌ಐ, ಇವುಗಳ ಪುರಾವೆ ಕೂಡಿಸಿ. ಕೇಂದ್ರದ ಹೊಸ ಕಾರ್ಮಿಕ ಕಾನೂನಾದ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅದರಂತೆ ಕೆಲಸ ಬಿಟ್ಟವರಿಗೆ ಎರಡು ಕೆಲಸದ ದಿನಗಳಲ್ಲಿ ವೇತನ ಕೊಡಬೇಕು, ಬಾಕಿಯ ಅರ್ಜಿಗೆ ಮೂರು ವರ್ಷದ ಅವಕಾಶ, ಬಾಕಿಯ ಹತ್ತು ಪಟ್ಟಿನವರೆಗೆ ಪರಿಹಾರ ವಿಧಿಸುವ ಅಧಿಕಾರವೂ ಇದೆ. ಅದಕ್ಕೆ ಮೊದಲಿನ ವೇತನ ಪಾವತಿ ಕಾಯ್ದೆಯಲ್ಲಿ ಗಡುವು ಹನ್ನೆರಡೇ ತಿಂಗಳು. ಹಾಗಾಗಿ ಹಳೆಯ ಬಾಕಿ ಯಾವ ದಿನಾಂಕದ್ದು ಎಂದು ಅರ್ಜಿಯಲ್ಲಿ ಮೊದಲೇ ತೋರಿಸಿ. ಇದಕ್ಕೆ ಹೋಗಬೇಕಾದ್ದು ಬೆಂಗಳೂರಿನಲ್ಲಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ, ಜಿಲ್ಲೆಗಳಲ್ಲಿ ಕಾರ್ಮಿಕ ಅಧಿಕಾರಿ ಕಚೇರಿ.

ಶೋ ಬಾಕಿಗೆ ಬಲವಾದ ದಾರಿ ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ಆನ್‌ಲೈನ್ ನೋಂದಣಿ. ಆಧಾರ್, ಪ್ಯಾನ್ ಇದ್ದರೆ ಸಾಕು, ಶುಲ್ಕವಿಲ್ಲ, ಏಜೆಂಟರಿಗೆ ದುಡ್ಡು ಕೊಡಬೇಕಿಲ್ಲ. ಕಲಾ ಪ್ರದರ್ಶನ ಸರ್ಕಾರದ ಉದ್ಯಮ ವರ್ಗೀಕರಣದ (ಎನ್‌ಐಸಿ) ಪಟ್ಟಿಯ 90ನೇ ವಿಭಾಗದಲ್ಲಿ ಬರುತ್ತದೆ. ಕಿರು ಉದ್ಯಮವಾಗಿ ನೋಂದಾಯಿಸಿದವರಿಗೆ, 2006ರ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ, ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ, ಇದ್ದರೂ 45 ದಿನ ಮೀರದಂತೆ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ತಿಂಗಳಿಗೊಮ್ಮೆ ಅಸಲಿಗೆ ಸೇರುತ್ತದೆ. ದರ ಶೇ. 6 ಇದ್ದರೆ ಬಡ್ಡಿ ಶೇ. 18. ದೂರನ್ನು ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್‌ನಲ್ಲಿ ಹಾಕಿದರೆ ಇಂಥ ಬಾಕಿಯ ತಕರಾರು ತೀರ್ಮಾನಿಸುವ ಸೌಲಭ್ಯ ಮಂಡಳಿಗೆ ಹೋಗುತ್ತದೆ. ಮಂಡಳಿಯ ಆದೇಶವನ್ನು ಪ್ರಶ್ನಿಸಬೇಕಾದರೆ ಎದುರಿನವರು ಶೇ. 75 ಮೊತ್ತ ಮೊದಲು ಠೇವಣಿ ಇಡಬೇಕು. ಶೋ ಒಪ್ಪಿಕೊಂಡ ಮೇಲೆ ನೋಂದಣಿ ಮಾಡಿಸಿದರೆ ಹಳೆಯ ಬಾಕಿಗೆ ಈ ಲಾಭ ಸಿಗುವುದು ಕಷ್ಟ. ಇಂದೇ ಮಾಡಿಸಿ, ಮುಂದಿನ ಪ್ರತಿ ಬಿಲ್‌ನಲ್ಲಿ ಉದ್ಯಮ್ ಸಂಖ್ಯೆ ಹಾಕಿ. ಈ ಗಡುವು ಮೀರಿದ ಬಾಕಿಯನ್ನು ಪಾವತಿಸುವವರೆಗೂ ಕಂಪನಿ ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸುವಂತಿಲ್ಲ, ಆದ್ದರಿಂದ ಮಾರ್ಚ್ ಕೊನೆಯಲ್ಲಿ ಕಂಪನಿಯ ಆಡಿಟರ್ ಕೂಡ ನಿಮ್ಮ ಬಿಲ್ ಬಗ್ಗೆ ಕೇಳುತ್ತಾರೆ.

ಚೆಕ್ ಕೊಟ್ಟು ಅದು ಬೌನ್ಸ್ ಆದರೆ ದಿನ ಎಣಿಸಲೇಬೇಕು. ಬ್ಯಾಂಕಿನಿಂದ ಮಾಹಿತಿ ಬಂದ 30 ದಿನದೊಳಗೆ ಲಿಖಿತ ನೋಟಿಸ್, ಅದು ತಲುಪಿದ ಮೇಲೆ ಎದುರಿನವರಿಗೆ 15 ದಿನ, ಆಮೇಲೆ ಒಂದು ತಿಂಗಳೊಳಗೆ ನಿಮ್ಮ ಬ್ಯಾಂಕ್ ಶಾಖೆ ಇರುವ ಕಡೆಯ ನ್ಯಾಯಾಲಯದಲ್ಲಿ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ದೂರು. ‘ಇನ್ನೊಂದ್ಸಲ ಹಾಕಿ ನೋಡಿ’ ಎಂಬ ಫೋನಿನ ಮಾತಿಗೆ ಆ 30 ದಿನ ಕಳೆದುಹೋಗುತ್ತವೆ. ಚೆಕ್‌ನ ಮೂರು ತಿಂಗಳ ಅವಧಿ ಮುಗಿದಿಲ್ಲವಾದರೆ ಮತ್ತೆ ಹಾಕಿ, ಬ್ಯಾಂಕಿನಿಂದ ಹೊಸ ಬೌನ್ಸ್ ಮೆಮೊ ಪಡೆದು ಹೊಸದಾಗಿ ಎಣಿಸಬಹುದು.

ಠಾಣೆಗೆ ಹೋದರೆ ‘ಇದು ಸಿವಿಲ್’ ಎಂದು ವಾಪಸ್ ಕಳಿಸುವುದೇ ಹೆಚ್ಚು. ಕರೆಯುವಾಗಲೇ ಮೋಸದ ಉದ್ದೇಶವಿತ್ತೆಂದು ತೋರಿಸಲಾಗದಿದ್ದರೆ ಅದು ವಂಚನೆ ಆಗುವುದಿಲ್ಲ. ಫೇಸ್‌ಬುಕ್‌ನಲ್ಲಿ ಹೆಸರು ಹಾಕಿ ಬೈದರೆ ಮಾನನಷ್ಟದ ಕೇಸು ನಿಮ್ಮ ಮೇಲೇ ಬೀಳಬಹುದು.

ಮೊತ್ತ ಸಣ್ಣದಿದ್ದು ಎದುರಿನವರು ಮಾತಿಗೆ ಸಿಗುವಂತಿದ್ದರೆ, ವಕೀಲರ ನೋಟಿಸ್ ಆದ ಮೇಲೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ದಾವೆಪೂರ್ವ ಲೋಕ ಅದಾಲತ್‌ಗೆ ಅರ್ಜಿ ಹಾಕುವುದು ಒಳ್ಳೆಯದು. ಕೋರ್ಟ್ ಶುಲ್ಕವಿಲ್ಲ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವೂ ಇದೆ, ಸಹಾಯವಾಣಿ 15100. ನನ್ನ ಶೋ ಬಾಕಿ ಬಂದದ್ದು ಇಲ್ಲೇ, ಕಂತುಗಳಲ್ಲಿ. ರಾಜಿಪತ್ರದಲ್ಲಿ ಪ್ರತಿ ಕಂತಿನ ದಿನಾಂಕ, ಖಾತೆ ಸಂಖ್ಯೆ, ಒಂದು ಕಂತು ತಪ್ಪಿದರೂ ಉಳಿದ ಪೂರ್ತಿ ಮೊತ್ತ ಬಡ್ಡಿ ಸಹಿತ ಕೂಡಲೇ ಸಲ್ಲಬೇಕೆಂಬ ಷರತ್ತು ಬರೆಸಿ. ಲೋಕ ಅದಾಲತ್‌ನ ಆ ತೀರ್ಪು ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಕಂತು ತಪ್ಪಿದರೆ ಹೊಸ ದಾವೆ ಬೇಡ, ತೀರ್ಪು ಜಾರಿ ಮಾಡಿಸಲು ನೇರವಾಗಿ ಅಮಲ್ಜಾರಿ ಅರ್ಜಿ ಹಾಕಬಹುದು.