ಪಿಟೀಲಿನ ಮಟ್ಟು, ಮ್ಯಾಂಡೊಲಿನ್ ಮೇಲೆ

ಮ್ಯಾಂಡೊಲಿನ್ ಅಂದ ತಕ್ಷಣ ನಮಗೆ ನೆನಪಾಗುವುದು ಕರ್ನಾಟಕ ಸಂಗೀತದ ಯು. ಶ್ರೀನಿವಾಸ್. ಅವರ ಕೈಯಲ್ಲಿದ್ದದ್ದು ಒಂಟಿ ತಂತಿಗಳ ಎಲೆಕ್ಟ್ರಿಕ್ ಮ್ಯಾಂಡೊಲಿನ್. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಮ್ಯಾಂಡೊಲಿನ್‌ಗೆ ಎಂಟು ತಂತಿ, ನಾಲ್ಕು ಜೋಡಿ. ದಪ್ಪ ತಂತಿಯಿಂದ ಶುರು ಮಾಡಿದರೆ ಅವುಗಳ ಸ್ವರ ಜಿ, ಡಿ, ಎ, ಇ. ಪಾಶ್ಚಾತ್ಯ ಪಿಟೀಲಿನ ಶ್ರುತಿಯೂ ಇದೇ. ಅದಕ್ಕೇ ಐರ್ಲೆಂಡಿನ ಫಿಡಲ್ ಮಟ್ಟುಗಳು ಮ್ಯಾಂಡೊಲಿನ್‌ಗೆ ಇಷ್ಟು ಚೆನ್ನಾಗಿ ಒಗ್ಗುತ್ತವೆ. ಪಿಟೀಲಿನವರ ಬೆರಳು ಎಲ್ಲಿ ಬೀಳುತ್ತದೋ ನಮ್ಮ ಬೆರಳೂ ಅಲ್ಲೇ.

ಇವು ಕುಣಿಯೋದಕ್ಕೆಂದೇ ಹುಟ್ಟಿದ ಮಟ್ಟುಗಳು. ಎರಡು ಬಗೆ ಗೊತ್ತಿದ್ದರೆ ಸದ್ಯಕ್ಕೆ ಸಾಕು. ಜಿಗ್ ಅಂದರೆ ತಕಿಟ ತಕಿಟ. ರೀಲ್ ಅಂದರೆ ತಕಧಿಮಿ ತಕಧಿಮಿ. ಸಾಮಾನ್ಯವಾಗಿ ಒಂದು ಮಟ್ಟಿಗೆ ಎರಡು ಭಾಗ, ಒಂದೊಂದರಲ್ಲಿ 8 ಆವರ್ತ. ಪ್ರತಿ ಭಾಗವನ್ನೂ ಎರಡೆರಡು ಸಲ ನುಡಿಸಿದರೆ 32 ಆವರ್ತಕ್ಕೆ ಒಂದು ಸುತ್ತು ಮುಗಿಯಿತು.

ಮೊದಲು ಕಿವಿ

ನಾನು ಶುರುವಿನಲ್ಲಿ ಕಾಗದ ನೋಡಿಕೊಂಡು ಕಲಿತೆ. ಸ್ವರ ಒಂದೂ ತಪ್ಪುತ್ತಿರಲಿಲ್ಲ, ಆದರೆ ಕೇಳಿದವರ ಕಾಲು ಅಲ್ಲಾಡುತ್ತಿರಲಿಲ್ಲ. ಲಯದ ಆ ಸಣ್ಣ ತೂಗು ಬರವಣಿಗೆಯಲ್ಲಿ ಬರುವುದೇ ಇಲ್ಲ. ಷಿಕಾಗೊ ಪೊಲೀಸ್ ಮುಖ್ಯಸ್ಥರಾಗಿದ್ದ ಫ್ರಾನ್ಸಿಸ್ ಓನೀಲ್ 1903ರಲ್ಲಿ 1850 ಐರಿಷ್ ಮಟ್ಟುಗಳ ದೊಡ್ಡ ಸಂಗ್ರಹ ಹೊರತಂದರು. ಅವರಿಗೆ ಸ್ವರಲಿಪಿ ಬರೆಯಲು ಬರುತ್ತಿರಲಿಲ್ಲ. ತಮಗೆ ಗೊತ್ತಿದ್ದ ಮಟ್ಟುಗಳನ್ನು ಅವರು ಕೇಳಿಸುತ್ತಿದ್ದರು, ಇಲಾಖೆಯಲ್ಲೇ ಇದ್ದ ಜೇಮ್ಸ್ ಓನೀಲ್ ಬರೆದುಕೊಳ್ಳುತ್ತಿದ್ದರು. ಅಂಥ ಪುಸ್ತಕದ ಹಿಂದೆಯೂ ಇದ್ದದ್ದು ಕಿವಿಯೇ.

ಹಾಗಾಗಿ ಒಂದೇ ಒಂದು ಮಟ್ಟು ಆರಿಸಿಕೊಳ್ಳಿ. ಹೊಸಬರಿಗೆ 'ಕೆಶ್ ಜಿಗ್' ಒಳ್ಳೆಯದು. ಎರಡು ಮೂರು ದಿನ ವಾದ್ಯ ಮುಟ್ಟದೆ ಸುಮ್ನೆ ಕೇಳಿ. ಪಾತ್ರೆ ತೊಳೆಯುವಾಗ ಅದು ತಾನಾಗಿ ಬಾಯಿಗೆ ಬಂತು ಅಂದರೆ ಕೈಗೆ ತರುವ ಹೊತ್ತಾಯಿತು.

ನಾಲ್ಕು ಆವರ್ತ, ನಾಲ್ಕು ಜಾಗ

ಜಿ ಸ್ವರವನ್ನು ಷಡ್ಜ ಅಂದುಕೊಳ್ಳಿ. ಡಿ ತಂತಿಯ ಐದನೇ ಫ್ರೆಟ್‌ನಲ್ಲಿ, ಅಂದರೆ ಕುತ್ತಿಗೆಯ ಮೇಲಿನ ಐದನೇ ಅಡ್ಡ ಕಂಬಿಯ ಮನೆಯಲ್ಲಿ, ಅದು ಸಿಗುತ್ತದೆ. ಮೊದಲ ನಾಲ್ಕು ಆವರ್ತ ಹೀಗೆ (ಅಲ್ಪವಿರಾಮ ಬಂದಷ್ಟೂ ಹಿಂದಿನ ಸ್ವರ ಉದ್ದ, ನಿಂತ ಗೆರೆ ಅಂದರೆ ಆವರ್ತದ ಕೊನೆ):

ಸ,, ಸರಿಗ | ರಿ,, ರಿಗಪ | ಧಪಪ ಸಪಪ | ಧಪಗ ಪಗರಿ

ಮೂರನೆಯದರಲ್ಲಿ ಬರುವ 'ಸ' ಮೇಲಿನ ಸ್ಥಾಯಿಯದು. ಮೇಲಿನ ಸಾಲನ್ನು ಒಮ್ಮೆ ಹಾಡಿ ನೋಡಿ. ಸ, ರಿ, ಗ, ಪ, ಧ. ನಮ್ಮ ಮೋಹನದ ಸ್ವರಗಳೇ ಅಲ್ವಾ! ನನಗೆ ಇದು ಹೊಳೆದ ದಿನ ಆ ಮಟ್ಟು ಪರದೇಶದ್ದು ಅನ್ನಿಸುವುದು ನಿಂತುಹೋಯಿತು. ಎಂಟನೇ ಆವರ್ತದಲ್ಲಿ 'ರಿಸನಿ ಸ,,' ಎಂದು ಕೆಳಗಿನ ನಿಷಾದ ಇಣುಕುತ್ತದೆ. ಆಗ ಅದು ಶಂಕರಾಭರಣದ ಕಡೆಗೆ ಹೊರಳುತ್ತದೆ.

ಈ ನಾಲ್ಕು ಆವರ್ತಕ್ಕೆ ಒತ್ತಬೇಕಾದ ಜಾಗವೂ ನಾಲ್ಕೇ. ಡಿ ತಂತಿಯ 5ನೇ ಫ್ರೆಟ್‌ನಲ್ಲಿ ಸ, ಎ ತಂತಿಯ 2ರಲ್ಲಿ ಗ, 5ರಲ್ಲಿ ಪ, ಇ ತಂತಿಯ 3ರಲ್ಲಿ ಮೇಲಿನ ಸ. ರಿ ಮತ್ತು ಧ ಎಲ್ಲೂ ಒತ್ತದೆ ಬಿಟ್ಟ ಎ ಮತ್ತು ಇ ತಂತಿಯಲ್ಲೇ ಸಿಗುತ್ತವೆ. ಎರಡನೇ ಫ್ರೆಟ್‌ಗೆ ತೋರುಬೆರಳು, ಮೂರಕ್ಕೆ ನಡುಬೆರಳು, ಐದಕ್ಕೆ ಉಂಗುರ ಬೆರಳು. ಫ್ರೆಟ್‌ನ ಕಂಬಿಗೆ ಒತ್ತಿಕೊಂಡಂತೆ, ಸ್ವಲ್ಪ ಹಿಂದೆ ಬೆರಳಿಡಿ. ಜೋಡಿ ತಂತಿ ಎರಡೂ ಸರಿಯಾಗಿ ಅದುಮದಿದ್ದರೆ ಸದ್ದು ಗರಗರ ಅನ್ನುತ್ತದೆ. ಕರ್ನಾಟಕ ಸಂಗೀತ ಕಲಿತ ಕೈಗೆ ಗಾಂಧಾರವನ್ನು ಆಡಿಸುವ ಆಸೆ ಬರುತ್ತದೆ. ಇಲ್ಲಿ ಬೇಡ, ಸ್ವರ ನೆಟ್ಟಗೆ ನಿಲ್ಲಲಿ.

ಜೀವ ಇರುವುದು ಬಲಗೈಯಲ್ಲಿ

ಒಂದು ಮಿಲಿಮೀಟರಿಗಿಂತ ತುಸು ದಪ್ಪದ ಪಿಕ್, ಅಂದರೆ ತಂತಿ ಮೀಟುವ ಬಿಲ್ಲೆ, ತೆಗೆದುಕೊಳ್ಳಿ. ಜಿಗ್‌ಗೆ ಮೀಟು ಕೆಳಗೆ-ಮೇಲೆ-ಕೆಳಗೆ, ಮತ್ತೆ ಕೆಳಗೆ-ಮೇಲೆ-ಕೆಳಗೆ. ಒಂದು ತಕಿಟ ಮುಗಿದು ಇನ್ನೊಂದು ಶುರುವಾಗುವಲ್ಲಿ ಎರಡು ಕೆಳಮೀಟು ಬೆನ್ನಿಗೆ ಬೆನ್ನು ಬರುತ್ತವೆ. ಮೊದಲ ವಾರ ಇದು ಎಡವಟ್ಟು ಅನ್ನಿಸುತ್ತದೆ, ಬಿಡಬೇಡಿ. ಸುಮ್ನೆ ಕೆಳಗೆ-ಮೇಲೆ ಅಂತ ಹೋದರೆ ಎರಡನೇ 'ತ' ಮೇಲ್ಮೀಟಿಗೆ ಸಿಕ್ಕಿ ಒತ್ತು ಸೊರಗುತ್ತದೆ. ಬಿಟ್ಟ ತಂತಿಯ ಮೇಲೆ ಬರೀ ತಕಿಟ ಹೇಳುತ್ತಾ ಹತ್ತು ನಿಮಿಷ ಮೀಟಿ. ರೀಲ್‌ಗೆ ಮಾತ್ರ ಕೆಳಗೆ-ಮೇಲೆ ಸಾಕು.

ಪಿಟೀಲಿನ ಕಮಾನು ದೀರ್ಘ ಸ್ವರವನ್ನು ಹಿಡಿದು ನಿಲ್ಲಿಸುತ್ತದೆ. ಮ್ಯಾಂಡೊಲಿನ್‌ನಲ್ಲಿ ಮೀಟಿದ ಸದ್ದು ಬೇಗ ಆರಿಹೋಗುತ್ತದೆ. ಅದಕ್ಕೇ 'ಸ,,' ಇರುವ ಕಡೆ ಕೆಲವೊಮ್ಮೆ 'ಸಗಸ' ಎಂದು ತುಂಬಿಸುತ್ತಾರೆ, ಇಲ್ಲವೇ ಅದೇ ಸ್ವರವನ್ನು ಚಕಚಕ ಮೂರು ಸಲ ಮೀಟುತ್ತಾರೆ. ಒಂದು ಸುತ್ತಿಗೆ ಎರಡು ಕಡೆ ಮಾಡಿದರೆ ಚೆನ್ನ. ಜಾಸ್ತಿಯಾದರೆ ಮಟ್ಟು ಮುಚ್ಚಿಹೋಗುತ್ತದೆ.

ಎರಡೆರಡು ಆವರ್ತವಾಗಿ ಕಟ್ಟುತ್ತಾ ಬನ್ನಿ. ಯೂಟ್ಯೂಬ್‌ನಲ್ಲಿ ವೇಗವನ್ನು ಅರ್ಧಕ್ಕೆ ಇಳಿಸಿದರೂ ಶ್ರುತಿ ಬದಲಾಗುವುದಿಲ್ಲ. ಅದರ ಜೊತೆಗೇ ನುಡಿಸಿ, ಮೂರು ಸುತ್ತು ನಿಲ್ಲದೆ ಬಂದ ಮೇಲೆ ವೇಗ ಒಂದು ಮೆಟ್ಟಿಲು ಏರಿಸಿ. ಮುಂದೆ ಡೋರಿಯನ್, ಮಿಕ್ಸೊಲಿಡಿಯನ್ ಎಂಬ ಪಾಶ್ಚಾತ್ಯ ಸ್ವರಶ್ರೇಣಿಗಳ ಮಟ್ಟುಗಳು ಸಿಗುತ್ತವೆ. ಡೋರಿಯನ್‌ನ ಸ್ವರ ಖರಹರಪ್ರಿಯ ರಾಗದ್ದು. ಮಿಕ್ಸೊಲಿಡಿಯನ್ ಅಂದರೆ ಹರಿಕಾಂಬೋಜಿ.

ಐರಿಷ್ ಸಂಗೀತದ ಕೂಟಗಳಲ್ಲಿ ಒಂದು ಮಟ್ಟನ್ನು ಮೂರು ಸುತ್ತು ನುಡಿಸಿ, ನಿಲ್ಲಿಸದೆ ಇನ್ನೊಂದಕ್ಕೆ ದಾಟುತ್ತಾರೆ. ಎಲ್ಲರೂ ಒಂದೇ ಮಟ್ಟನ್ನು ಒಟ್ಟಿಗೆ ನುಡಿಸುತ್ತಾರೆ. ಅಲ್ಲಿಗೆ ಹೋಗುವ ಅವಕಾಶ ಸಿಕ್ಕರೆ ಗೊತ್ತಿರುವ ಮಟ್ಟು ಬಂದಾಗ ಸೇರಿಕೊಳ್ಳಿ. ಗೊತ್ತಿಲ್ಲದ್ದು ಬಂದಾಗ ಪಿಕ್ ಮಡಿಲಲ್ಲಿಟ್ಟು ಕೇಳಿಸಿಕೊಳ್ಳಿ. ಮನೆಗೆ ಬಂದು ಗುನುಗಿ ನೋಡಿ, ಎಷ್ಟು ಉಳಿದಿದೆ ಅಂತ.