ಜೀನ್ಸ್ ಯೂನಿಟ್ಟಿನ ಪಕ್ಕದಲ್ಲಿ ಕೂತು ಲೆಕ್ಕ ಬರೆಯುವುದು

27,000 ರೂಪಾಯಿ. ಒಂದು ಸಂಜೆಯ ಗದ್ದಲ ತಂದಿಟ್ಟ ತಪ್ಪು ಅಷ್ಟು ದೊಡ್ಡದು. ಅದೂ ನನ್ನ ದುಡ್ಡಲ್ಲ, ನಾನು ಲೆಕ್ಕ ಬರೆದುಕೊಡುವ ಪಾರ್ಟಿಯದು.

ನಾನು ಬಳ್ಳಾರಿಯ ಕೌಲ್ ಬಜಾರಿನಲ್ಲಿ ಮನೆಯಲ್ಲೇ ಕೂತು ಅಕೌಂಟ್ಸ್ ಬರೆಯುತ್ತೇನೆ. ಕಿರಾಣಿ ಅಂಗಡಿಗಳು, ಜೀನ್ಸ್ ಹೊಲಿಯುವ ಯೂನಿಟ್‌ಗಳು, ಒಂದಿಬ್ಬರು ಲಾರಿ ಮಾಲೀಕರು. ತಿಂಗಳ 11ಕ್ಕೆ ಜಿಎಸ್‌ಟಿಯ ಮಾರಾಟದ ಪಟ್ಟಿ ಜಿಎಸ್‌ಟಿಆರ್-1, 14ಕ್ಕೆ ಖರೀದಿಯ ಮೇಲೆ ಸಿಗುವ ಕ್ರೆಡಿಟ್ಟಿನ ಪಟ್ಟಿ 2ಬಿ ಬರುತ್ತದೆ, 20ರೊಳಗೆ ತೆರಿಗೆ ಕಟ್ಟುವ ರಿಟರ್ನ್ 3ಬಿ ಹಾಕಬೇಕು. ನಮ್ಮ ಮನೆಯ ಗೋಡೆಗೆ ಅಂಟಿಕೊಂಡೇ ಒಂದು ಜೀನ್ಸ್ ಯೂನಿಟ್ ಇದೆ. ಇಪ್ಪತ್ತು ಮಷಿನ್ನು, ಒಂದು ಜನರೇಟರ್, ದಿನವಿಡೀ ಹಾಡು.

ಅವತ್ತು 20ನೇ ತಾರೀಖು. ಕಿಟಕಿಯಾಚೆ ಪ್ಯಾಂಟಿನ ಸೈಜು ಕೂಗಿ ಮಾಲು ಎಣಿಸುತ್ತಿದ್ದರು. "ಮೂವತ್ನಾಲ್ಕು ಆರು ಡಜನ್, ಮೂವತ್ತಾರು ನಾಲ್ಕು ಡಜನ್, ಮೂವತ್ತಾರು ಇನ್ನೊಂದು ಹಾಕೋ..." ನಾನು 1,63,400 ಅಂತ ಹಾಕಬೇಕಿದ್ದ ಇನ್‌ಪುಟ್ ಕ್ರೆಡಿಟ್ಟನ್ನು (ಖರೀದಿಯಲ್ಲಿ ಆಗಲೇ ಕೊಟ್ಟ ತೆರಿಗೆ, ಕಟ್ಟಬೇಕಾದ್ದರಲ್ಲಿ ಕಳೆಯುವಂಥದ್ದು) 1,36,400 ಅಂತ ಹಾಕಿ, ಓಟಿಪಿ ಒತ್ತಿ, ಸಲ್ಲಿಸಿಯೇಬಿಟ್ಟೆ. ರಾತ್ರಿ ಲೆಕ್ಕ ಕೂಡಲಿಲ್ಲ. ವ್ಯತ್ಯಾಸ 27,000. ವ್ಯತ್ಯಾಸ ಒಂಬತ್ತರಿಂದ ಸರಿಯಾಗಿ ಭಾಗ ಹೋದರೆ ಮೊದಲು ಅಂಕಿ ಅದಲುಬದಲಾಗಿದೆಯಾ ನೋಡು ಅಂತ ನನಗೆ ಕೆಲಸ ಕಲಿಸಿದ ಹಿರಿಯರು ಹೇಳುತ್ತಿದ್ದರು. ನೋಡಿದೆ. ಮೂವತ್ತಾರರ ಸೈಜು ನನ್ನ ರಿಟರ್ನಿನೊಳಗೆ ಬಂದು ಕೂತಿತ್ತು.

ಸಲ್ಲಿಸಿದ 3ಬಿಯನ್ನು ತಿದ್ದಲು ಬರುವುದಿಲ್ಲ. ಬಿಟ್ಟುಹೋದ ಕ್ರೆಡಿಟ್ಟನ್ನು ಮುಂದಿನ ತಿಂಗಳು ತೆಗೆದುಕೊಳ್ಳಬಹುದು, ಹಾಗಾಗಿ ದುಡ್ಡು ಮುಳುಗಲಿಲ್ಲ. ಆದರೆ ಪಾರ್ಟಿ ಆ ತಿಂಗಳು ಅಷ್ಟು ನಗದು ಜಾಸ್ತಿ ಕಟ್ಟಿದ. ಬೈಯಲೂ ಇಲ್ಲ. ಚಾ ಕುಡಿದು ಎದ್ದು ಹೋದ. ಬೈದಿದ್ದರೇ ಚೆನ್ನಾಗಿರುತ್ತಿತ್ತು.

ಸದ್ದು ತಡೆಯಲು ಎಲ್ಲರೂ ಮಾಡುವ ಹಾಗೆ ನಾನೂ ಮೊದಲು ದಡ್ಡ ಕೆಲಸಗಳನ್ನೇ ಮಾಡಿದೆ. ಮೊಟ್ಟೆ ಟ್ರೇ ತಂದು ಗೋಡೆ ತುಂಬ ಅಂಟಿಸಿದೆ. ಅವ್ವ ಬಾಗಿಲಲ್ಲಿ ನಿಂತು ನೋಡಿ, "ಏನೋ ಇದು, ಕೋಳಿ ಫಾರಂ ಮಾಡಾಕ ಹೊಂಟಿಯೇನು?" ಅಂದಳು. ಅವಳು ಹೇಳಿದ್ದೇ ಸರಿ. ಮೊಟ್ಟೆ ಟ್ರೇ ಕೋಣೆಯೊಳಗಿನ ಮಾರ್ದನಿಯನ್ನು ತುಸು ತಗ್ಗಿಸಬಹುದು, ಹೊರಗಿನ ಶಬ್ದವನ್ನು ತಡೆಯುವುದಿಲ್ಲ. ತಡೆಯಲು ಭಾರ ಬೇಕು, ಸಂದಿಲ್ಲದ ಮುಚ್ಚಿಗೆ ಬೇಕು. ರದ್ದಿ ಕಾಗದದ ಟ್ರೇಗೆ ಅದೆರಡೂ ಇಲ್ಲ. ಎರಡು ತಿಂಗಳಿಗೆ ಜಿರಲೆ ಸೇರಿಕೊಂಡವು, ಕಿತ್ತು ಹಾಕಿದೆ.

ಆಮೇಲೆ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ತಗೊಂಡೆ. ದುಬಾರಿ ಪಾಠ. ಅದು ಮೋಟಾರಿನ ಗುಂಯ್ ಅನ್ನುವ ಒಂದೇ ಸಮನೆ ಸದ್ದನ್ನು ಚೆನ್ನಾಗಿ ನುಂಗುತ್ತದೆ. ಆದರೆ ಮಾತನ್ನು ಅಷ್ಟು ನುಂಗುವುದಿಲ್ಲ. ಮೋಟಾರಿನ ಸದ್ದು ಹೋದ ಮೇಲೆ ಅದರಡಿ ಮುಚ್ಚಿಹೋಗಿದ್ದ ಮಾತು ಇನ್ನೂ ಚೊಕ್ಕವಾಗಿ ಕೇಳತೊಡಗಿತು! ಯಾರ ಮಗಳ ಮದುವೆ, ಯಾರಿಗೆ ಅಡ್ವಾನ್ಸ್ ಬಾಕಿ, ಎಲ್ಲ ಗೊತ್ತಾಯಿತು. ಮೇಲಾಗಿ ಇದು ಬಳ್ಳಾರಿ. 40 ಡಿಗ್ರಿ ದಾಟಿದ ಮಧ್ಯಾಹ್ನ ಕಿವಿ ಮುಚ್ಚುವ ಹೆಡ್‌ಫೋನ್ ಹಾಕಿಕೊಂಡು ಕೂತರೆ ಕಿವಿಯಿಂದ ಬೆವರು ಇಳಿಯುತ್ತದೆ.

ಅಲ್ಲಿಗೆ ಸಾಮಾನು ಕೊಳ್ಳುವುದನ್ನು ನಿಲ್ಲಿಸಿ ಒಂದು ಹಳೇ ನೋಟ್‌ಬುಕ್ ತೆಗೆದೆ. ಒಂದು ವಾರ, ಕೆಲಸದಿಂದ ಗಮನ ಎದ್ದ ಪ್ರತಿ ಸಲ, ಹೊತ್ತು ಮತ್ತು ಕಾರಣ ಬರೆದೆ. ಅದರ ಒಂದು ಪುಟ ಹೀಗಿದೆ: "10.20 ತೆಲುಗು ಹಾಡು, ನಾನೂ ಗುನುಗಿದೆ. 10.45 ಜಗಳ, ದಾರದ ಬಣ್ಣಕ್ಕೆ. 11.05 ವಾಟ್ಸಾಪ್. 11.10 ವಾಟ್ಸಾಪ್. 11.40 ಅವ್ವ, ಕರೆಂಟ್ ಬಿಲ್ ಕಟ್ಟಿದೆಯಾ. 12.15 ಕುಕ್ಕರ್."

ಇಡೀ ವಾರದಲ್ಲಿ ಹೊಲಿಗೆ ಮಷಿನ್ ಅಂತ ಬರೆದದ್ದು ನಾಲ್ಕೇ ಸಲ. ಇಷ್ಟು ದಿನ ನಾನು ಶಾಪ ಹಾಕಿದ್ದು ಅದಕ್ಕೇ! ಮಷಿನ್ ತಲೆ ನೋಯಿಸುತ್ತಿತ್ತು ನಿಜ, ಆದರೆ ಕೈ ತಪ್ಪಿಸುತ್ತಿದ್ದದ್ದು ಅರ್ಥವಾಗುವ ಮಾತು. ನಮ್ಮ ಬೀದಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ನಡೆಯುತ್ತವೆ, ಮೂರೂ ನನಗೆ ಬರುತ್ತವೆ. ಇಲ್ಲಿ ಬೆಳೆದವನಿಗೆ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ಅದರಲ್ಲೂ ಅಂಕಿ ಟೈಪ್ ಮಾಡುವಾಗ ಯಾರಾದರೂ ಅಂಕಿ ಕೂಗಿದರೆ ಮುಗಿಯಿತು.

ವಾಟ್ಸಾಪ್ ಕೆಲಸ ಸುಲಭ, ಗ್ರೂಪುಗಳ ಬಾಯಿ ಮುಚ್ಚಿಸಿದೆ. ಮೊಬೈಲನ್ನು ಬೇರೆ ಕೋಣೆಯಲ್ಲಿಡಿ ಅಂತ ಎಲ್ಲರೂ ಹೇಳುತ್ತಾರೆ. ರಿಟರ್ನ್ ಹಾಕುವವನಿಗೆ ಆಗದ ಮಾತು, ಓಟಿಪಿ ಬೇಕಲ್ಲ. ಹಾಗಾಗಿ ಕರೆ ಮತ್ತು ಮೆಸೇಜು ಬಿಟ್ಟು ಉಳಿದದ್ದಕ್ಕೆಲ್ಲ ಸದ್ದಿಲ್ಲ.

ದೊಡ್ಡ ಬದಲಾವಣೆ ಆಗಿದ್ದು ಕೋಣೆ ಬದಲಿಸಿದ್ದರಿಂದ. ನಮ್ಮದು ಅರ್ಧ ಹೊಸ, ಅರ್ಧ ಹಳೇ ಮನೆ. ಮುಂದೆ ಆರ್‌ಸಿಸಿ, ಹಿಂದೆ ಅಜ್ಜನ ಕಾಲದ ಮಣ್ಣಿನ ಮಾಳಿಗೆ. ಗಾಳಿ ಬೆಳಕು ಅಂತ ನಾನು ಮುಂದಿನ ಕೋಣೆಯಲ್ಲಿ ಕೂರುತ್ತಿದ್ದೆ. ಹಿಂದಿನ ಕೋಣೆಯಲ್ಲಿ ಜೋಳದ ಚೀಲ, ಹಳೇ ಪಾತ್ರೆ. ಅಲ್ಲಿ ಕಲ್ಲು ಮಣ್ಣಿನ ಗೋಡೆ, ಕೈಯಳತೆಯಲ್ಲಿ ಒಂದೂವರೆ ಮೊಳ ದಪ್ಪ. ಒಂದೇ ಗವಾಕ್ಷಿ. ಒಂದು ದಿನ ಜೋಳ ತರಲು ಹೋದವನು ಸುಮ್ನೆ ನಿಂತುಬಿಟ್ಟೆ. ಯೂನಿಟ್ ನಡೆಯುತ್ತಿತ್ತು, ಇಲ್ಲಿ ಮಾತ್ರ ಯಾರೋ ದೂರದಲ್ಲಿ ಗಿರಣಿ ನಡೆಸುತ್ತಿದ್ದಾರೆ ಅನ್ನುವಷ್ಟು. ಬಿಸಿಲನ್ನು ತಡೆಯುವ ಭಾರದ ಗೋಡೆ ಸದ್ದನ್ನೂ ತಡೆಯುತ್ತದೆ.

ಮೊಬೈಲ್ ಆ್ಯಪಿನಲ್ಲಿ ಅಳೆದೆ. ಮುಂದಿನ ಕೋಣೆಯಲ್ಲಿ ಸದ್ದು 70 ಡೆಸಿಬಲ್ ಹತ್ತಿರ, ಇಲ್ಲಿ 50ರ ಹತ್ತಿರ. ಆ್ಯಪಿನ ಲೆಕ್ಕ ಅಂದಾಜಷ್ಟೇ, ಆದರೆ ಎರಡರ ನಡುವಿನ ಅಂತರ ಕಿವಿಗೇ ಗೊತ್ತಾಗುತ್ತಿತ್ತು. 10 ಡೆಸಿಬಲ್ ಇಳಿದರೆ ಸದ್ದು ಸುಮಾರು ಅರ್ಧದಷ್ಟಾಯಿತು ಅನ್ನಿಸುತ್ತದೆ. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಿತಿ ಅಂತಿದೆ. ಕಾಗದ ಹಿಡಿದುಕೊಂಡು ಪಕ್ಕದ ಮನೆಯವರ ಮೇಲೆ ದೂರು ಕೊಡುವ ಮನಸ್ಸು ಬರಲಿಲ್ಲ. ಅದರ ಕಥೆ ಮುಂದೆ.

ರಾತ್ರಿ ಒಳಗೆ ದೀಪ ಆರಿಸಿ ಬಾಗಿಲು ಹಾಕಿಕೊಂಡೆ. ಬೆಳಕು ಬರುವ ಸಂದಿಯಲ್ಲೆಲ್ಲ ಸದ್ದೂ ಬರುತ್ತದೆ. ಬಾಗಿಲ ಕೆಳಗೆ ಒಂದು ಬೆರಳಿನಷ್ಟು ಸಂದಿ. ಯೂನಿಟ್ಟಿನಿಂದ ಕಟಿಂಗ್ ತುಂಡುಗಳನ್ನು ಕೇಳಿ ತಂದೆ. ನನ್ನ ಹಳೇ ಪ್ಯಾಂಟಿನ ಒಂದು ಕಾಲು ಕತ್ತರಿಸಿ, ಒಂದು ತುದಿ ಹೊಲಿದು, ತುಂಡುಗಳನ್ನು ಒತ್ತಿ ಒತ್ತಿ ತುಂಬಿ ಇನ್ನೊಂದು ತುದಿ ಹೊಲಿದೆ. ಹೆಬ್ಬಾವಿನ ಹಾಗಾಯಿತು. ಬಾಗಿಲ ಬುಡಕ್ಕೆ ಒದ್ದು ಕೂರಿಸಿದರೆ ಮಾತಿನ ಅಂಚು ಹೋಗಿ ಗೊಣಗು ಮಾತ್ರ ಉಳಿಯುತ್ತದೆ. ಚೌಕಟ್ಟಿನ ಸುತ್ತ ಹಾರ್ಡ್‌ವೇರ್ ಅಂಗಡಿಯ ರಬ್ಬರ್ ಪಟ್ಟಿ. ಉಳಿದ ಗೊಣಗಿಗೆ ಹಳೇ ಕೂಲರ್. ಅದನ್ನು ಬಾಗಿಲ ಕಡೆ ಇಟ್ಟಿದ್ದೇನೆ, ಸಣ್ಣ ಸ್ಪೀಡಿನಲ್ಲಿ. ಅದರ ಸುಯ್ ಸದ್ದು ಅರೆಬರೆ ಮಾತನ್ನು ಮುಚ್ಚಿಬಿಡುತ್ತದೆ. ಜೋರು ಮಾಡಿದರೆ ಅದೇ ಇನ್ನೊಂದು ಯೂನಿಟ್ ಆಗುತ್ತದೆ.

2ಬಿ ಜೊತೆ ಬಿಲ್ ಹೊಂದಿಸುವಾಗ ಮಾತ್ರ ಫೋಮ್ ಇಯರ್‌ಪ್ಲಗ್. ಇದನ್ನು ಜಾಸ್ತಿ ಜನ ತಪ್ಪು ಹಾಕುತ್ತಾರೆ, ಸುಮ್ನೆ ಕಿವಿಯ ಬಾಯಿಗೆ ಸಿಕ್ಕಿಸುತ್ತಾರೆ. ಕೈ ತೊಳೆದು, ಬತ್ತಿ ಹೊಸೆದ ಹಾಗೆ ತೆಳ್ಳಗೆ ಹೊಸೆಯಬೇಕು. ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು, ಒಳಗೆ ತಳ್ಳಿ, ಅರ್ಧ ನಿಮಿಷ ಬೆರಳಿನಿಂದ ಹಿಡಿದಿರಬೇಕು. ಅದು ಉಬ್ಬಿ ಕೂತಾಗ ಲೋಕ ಮೆಲ್ಲಗೆ ದೂರ ಸರಿಯುತ್ತದೆ.

ಇನ್ನು ಯೂನಿಟ್ಟಿನ ಭಾಯ್. ಮೊದಲ ಸಲ "ಸದ್ದು ಜಾಸ್ತಿ ಆಯ್ತು ಭಾಯ್" ಅಂದಾಗ ಅವರು ನಕ್ಕು, "ಮಷಿನ್ ಅಂದ್ಮ್ಯಾಲ ಸದ್ದು ಮಾಡ್ತೈತ್ರಿ ಸರ" ಅಂದರು. ನ್ಯಾಯವೇ. ಎರಡನೇ ಸಲ ಸದ್ದಿನ ಮಾತೇ ಎತ್ತಲಿಲ್ಲ. ನಾನು ಲೆಕ್ಕ ಬರೆಯುವ ಇನ್ನೊಂದು ಯೂನಿಟ್ಟಿನವರು ಮಷಿನ್‌ಗಳ ಕ್ಲಚ್ ಮೋಟಾರ್ ತೆಗೆದು ಸರ್ವೋ ಮೋಟಾರ್ ಹಾಕಿಸಿದ್ದರು. ಕ್ಲಚ್ ಮೋಟಾರ್ ಹೊಲಿದರೂ ಹೊಲಿಯದಿದ್ದರೂ ತಿರುಗುತ್ತಲೇ ಇರುತ್ತದೆ. ಸರ್ವೋ ಪೆಡಲ್ ಒತ್ತಿದಾಗ ಮಾತ್ರ ತಿರುಗುತ್ತದೆ. ಅವರ ಕರೆಂಟ್ ಬಿಲ್ ಇಳಿದದ್ದನ್ನು ನಾನೇ ಖಾತೆಯಲ್ಲಿ ಬರೆದಿದ್ದೆ. ಯಾರದು ಅಂತ ಹೇಳದೆ, ಆ ಇಳಿಕೆಯ ಲೆಕ್ಕ ಚೀಟಿಯಲ್ಲಿ ಬರೆದು ಭಾಯ್ ಕೈಗಿಟ್ಟೆ. ಚೀಟಿ ನೋಡಿ ನಗಲಿಲ್ಲ. ಮೊದಲು ನಾಲ್ಕು ಮಷಿನ್, ದಸರಾ ಹೊತ್ತಿಗೆ ಎಲ್ಲವೂ ಬದಲಾದವು. ಕಾಲಿನ ಕೆಳಗೆ ರಬ್ಬರ್ ಪ್ಯಾಡ್ ಇಟ್ಟರೆ ನೆಲದ ಅದುರು ಗೋಡೆಗೆ ಹತ್ತುವುದಿಲ್ಲ ಅಂದೆ, ಅದನ್ನೂ ಮಾಡಿಸಿದರು. ಮಾಲು ಎಣಿಸುವ ಜಾಗವನ್ನು ಮಾತ್ರ ಕೇಳಿಯೇ ಬದಲಿಸಿಕೊಂಡೆ. ಆ 27,000ದ ಕಥೆ ಹೇಳಿದಾಗ, "ಅರೆ, ನಮ್ಮ ಹುಡುಗನ ಮೂವತ್ತಾರು ನಿಮ್ಮ ಕಂಪ್ಯೂಟರ್‌ನಾಗ ಹೋತೇನ್ರಿ?" ಅಂತ ಹೊಟ್ಟೆ ಹಿಡಿದುಕೊಂಡು ನಕ್ಕರು. ಈಗ ಎಣಿಕೆ ಆ ಕಡೆಯ ಗೇಟಿನಲ್ಲಿ.

ಕೆಲಸದ ಹೊತ್ತನ್ನೂ ತಿರುಗಿಸಿದೆ. ಯೂನಿಟ್ ಶುರುವಾಗುವುದು ಹತ್ತಕ್ಕೆ. ಬೆಳಿಗ್ಗೆ ಐದೂವರೆಯಿಂದ ಒಂಬತ್ತರವರೆಗೆ ಅಂಕಿಯ ಕೆಲಸ. ಬಿಸಿಲಿಲ್ಲ, ಫೋನಿಲ್ಲ, ಮಸೀದಿಯ ಆಜಾನು, ಗುಡಿಯ ಗಂಟೆ ಎರಡೂ ಮುಗಿದಿರುತ್ತವೆ. ಮಧ್ಯಾಹ್ನ ಬಿಲ್ ಜೋಡಿಸುವುದು, ಪಾರ್ಟಿಗಳಿಗೆ ಫೋನ್ ಮಾಡುವುದು. ಆಗ ಸದ್ದಿದ್ದರೂ ನಡೆಯುತ್ತದೆ.

ಜನರೇಟರ್ ಇನ್ನೂ ಹಾಗೇ ಇದೆ. ಬೇಸಿಗೆಯಲ್ಲಿ ಕರೆಂಟ್ ಹೋದಾಗ ನನ್ನ ಕೂಲರ್ ನಿಲ್ಲುತ್ತದೆ, ಅದೇ ಗಳಿಗೆಗೆ ಅದು ಶುರುವಾಗುತ್ತದೆ. ಆಗ ನಾನು ಎದ್ದು ಭಾಯ್ ಹತ್ತಿರ ಹೋಗಿ ಮಿರ್ಚಿ ಮಂಡಕ್ಕಿ ತಿನ್ನುತ್ತಾ ಕೂರುತ್ತೇನೆ. ಅದರ ಡೀಸೆಲ್ ಖರ್ಚಿನ ಚೀಟಿಯೂ ರೆಡಿ ಮಾಡುತ್ತಿದ್ದೇನೆ.