ಹಳೆಯ ಕಾರಿನ ಎಬಿಎಸ್: ಬದಲಿಸುವ ಮುನ್ನ ಮತ್ತು ಬದಲಿಸುವಾಗ

ಜೋರಾಗಿ ಬ್ರೇಕ್ ತುಳಿದಾಗ ಚಕ್ರಗಳು ಲಾಕ್ ಆಗದಂತೆ ತಡೆಯುವ ವ್ಯವಸ್ಥೆಯೇ ಎಬಿಎಸ್. ಎಂಜಿನ್ ಶುರು ಮಾಡಿದ ಮೇಲೂ ಎಬಿಎಸ್ ಎಂಬ ಹಳದಿ ದೀಪ ಆರದೆ ಉಳಿದರೆ, ಆ ವ್ಯವಸ್ಥೆ ತನ್ನಲ್ಲಿ ದೋಷ ಕಂಡು ತಾನಾಗಿಯೇ ಕೆಲಸ ನಿಲ್ಲಿಸಿದೆ ಎಂದರ್ಥ. ಸಾಮಾನ್ಯ ಬ್ರೇಕ್ ಆಗಲೂ ಹಿಡಿಯುತ್ತದೆ. ಆದರೆ ಜೋರಾಗಿ ತುಳಿದರೆ ಚಕ್ರಗಳು ಲಾಕ್ ಆಗಿ ಕಾರು ಜಾರಬಹುದು. ಹಳದಿ ದೀಪದ ಜೊತೆಗೆ ಕೆಂಪು ಬ್ರೇಕ್ ದೀಪವೂ ಉರಿಯುತ್ತಿದ್ದರೆ ವಿಷಯ ಗಂಭೀರ. ಬ್ರೇಕ್ ಆಯಿಲ್ ಇಳಿದಿರಬಹುದು, ಇಲ್ಲವೇ ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಒತ್ತಡವನ್ನು ಹಂಚುವ ಇಬಿಡಿಯೂ ನಿಂತಿರಬಹುದು. ಅಂಥ ಕಾರನ್ನು ಓಡಿಸದೆ ಗ್ಯಾರೇಜಿಗೆ ಎಳೆಸಿಕೊಂಡು ಹೋಗುವುದೇ ಸರಿ.

ಯಾವ ಭಾಗ ಕೆಟ್ಟಿದೆ ಎಂಬುದು ಖಚಿತವಾಗುವವರೆಗೆ ಯಾವ ಭಾಗವನ್ನೂ ಕೊಳ್ಳಬಾರದು ಎಂಬುದನ್ನು ನಾನು ಕಲಿತದ್ದು ನನ್ನ 2011ರ ಕಾರಿನಿಂದ. ಬಳ್ಳಾರಿಯ ಮೋತಿ ಸರ್ಕಲ್‌ನಲ್ಲಿ ನಿಧಾನಿಸಿ ಇನ್ನೇನು ನಿಲ್ಲಬೇಕು ಎನ್ನುವಷ್ಟರಲ್ಲಿ, ಒಣ ರಸ್ತೆಯಲ್ಲೇ ಪೆಡಲ್ ಪಾದದಡಿ ಗಟಗಟನೆ ಅದುರಿ ಕಾರು ಒಂದಡಿ ಮುಂದೆ ಸರಿಯುತ್ತಿತ್ತು. ದೀಪ ಮಾತ್ರ ಉರಿಯುತ್ತಿರಲಿಲ್ಲ. ತೋರಿಸಿದ ಗ್ಯಾರೇಜಿನಲ್ಲಿ ಇಡೀ ಯೂನಿಟ್, ಅಂದರೆ ಎಬಿಎಸ್‌ನ ಪಂಪ್ ಮತ್ತು ವಾಲ್ವುಗಳಿರುವ ಪೆಟ್ಟಿಗೆ, ಹೋಗಿದೆ ಎಂದರು. ಚಕ್ರ ಬಿಚ್ಚಿ ಟಾರ್ಚ್ ಹಿಡಿದು ನೋಡಿದಾಗ, ಚಕ್ರ ತಿರುಗಿಸುವ ಡ್ರೈವ್ ಶಾಫ್ಟಿನ ಮೇಲಿನ ಹಲ್ಲಿನ ರಿಂಗ್ ಅಡಿಯಲ್ಲಿ ತುಕ್ಕು ಉಬ್ಬಿ, ಎರಡು ಹಲ್ಲುಗಳ ನಡುವೆ ಕೂದಲೆಳೆಯಷ್ಟು ಸೀಳು ಬಿಟ್ಟಿತ್ತು. ಆ ಸೀಳು, ಹಲ್ಲುಗಳನ್ನು ಎಣಿಸಿ ಚಕ್ರದ ವೇಗ ತಿಳಿಯುವ ಸೆನ್ಸರಿನ ಮುಂದೆ ಹಾದಾಗಲೆಲ್ಲ ಎಣಿಕೆ ತಪ್ಪಿ, ಚಕ್ರ ಲಾಕ್ ಆಗುತ್ತಿದೆ ಎಂದು ಭಾವಿಸಿದ ಕಂಪ್ಯೂಟರ್ ಬ್ರೇಕ್ ಸಡಿಲಿಸುತ್ತಿತ್ತು. ರಿಂಗ್ ಬದಲಿಸಿದ ಮೇಲೆ ಆ ತೊಂದರೆ ಮತ್ತೆ ಬರಲಿಲ್ಲ.

ಆದ್ದರಿಂದ ಮೊದಲು ಫ್ಯೂಸ್, ರಿಲೇ ಮತ್ತು ಬ್ಯಾಟರಿ ವೋಲ್ಟೇಜ್ ನೋಡಿ, ಬಳಿಕ ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡುಗಳನ್ನು ಓದುವ ಸ್ಕ್ಯಾನರ್ ಹಾಕಿಸಿ. ಅಗ್ಗದ ಬ್ಲೂಟೂತ್ ಸ್ಕ್ಯಾನರುಗಳಲ್ಲಿ ಬಹುಪಾಲು ಎಂಜಿನ್ ಕೋಡುಗಳನ್ನಷ್ಟೇ ಓದುತ್ತವೆ. ಎಬಿಎಸ್ ಕೋಡುಗಳು ಸಾಮಾನ್ಯವಾಗಿ ಸಿ ಅಕ್ಷರದಿಂದ ಶುರುವಾಗುವುದರಿಂದ, ಅವುಗಳನ್ನು ಓದಬಲ್ಲ ಯಂತ್ರವಿದೆಯೇ ಎಂದು ಕೇಳಿಯೇ ಹಣ ಕೊಡಬೇಕು. ಕೋಡ್ ಒಂದು ಚಕ್ರದ ಸೆನ್ಸರನ್ನು ತೋರಿಸಿತೆಂದ ಮಾತ್ರಕ್ಕೆ ಸೆನ್ಸರೇ ಸತ್ತಿದೆ ಎಂದಲ್ಲ. ಅದರ ವೈರ್, ವೈರ್ ಜೋಡಿಸುವ ಕಪ್ಲರ್, ಹಲ್ಲಿನ ರಿಂಗ್, ಸಡಿಲವಾದ ವೀಲ್ ಬೇರಿಂಗ್ ಇವುಗಳಲ್ಲಿ ಯಾವುದಿದ್ದರೂ ಅದೇ ಕೋಡ್ ಬರಬಹುದು. ಸಿರುಗುಪ್ಪದ ಕಡೆ ಭತ್ತದ ಸುಗ್ಗಿಯಲ್ಲಿ ಗೋದಾಮಿನ ಪಕ್ಕ ನಿಲ್ಲಿಸಿದ ಕಾರುಗಳಲ್ಲಿ ಇಲಿ ಕಡಿದ ವೈರನ್ನು ಮೊದಲು ಹುಡುಕುವುದು ಜಾಣತನ.

ನಮ್ಮ ಜಿಲ್ಲೆಯ ಕೆಂಪು ಧೂಳಿನ ಬಗ್ಗೆಯೂ ಒಂದು ಮಾತು. ಸಂಡೂರಿನ ಅದಿರು ಮುಖ್ಯವಾಗಿ ಹೆಮಟೈಟ್. ಅದನ್ನು ಅಯಸ್ಕಾಂತ ಹೆಚ್ಚಾಗಿ ಸೆಳೆಯುವುದಿಲ್ಲ. ಸೆನ್ಸರಿನ ತುದಿಗೆ ಗಡ್ಡದಂತೆ ಅಂಟಿಕೊಳ್ಳುವ ಕಪ್ಪು ಪುಡಿ ಬ್ರೇಕ್ ಡಿಸ್ಕಿನಿಂದ ಸವೆದ ಕಬ್ಬಿಣ. ಆದರೆ ಕೆಂಪು ಧೂಳು ಗ್ರೀಸಿನೊಂದಿಗೆ ಕಲೆತು ರಿಂಗಿನ ಹಲ್ಲುಗಳ ಸಂದಿಯಲ್ಲಿ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಎರಡನ್ನೂ ಬ್ರೇಕ್ ಕ್ಲೀನರ್ ಮತ್ತು ಹಲ್ಲುಜ್ಜುವ ಹಳೆಯ ಬ್ರಷ್‌ನಿಂದ ತೆಗೆದು, ಕೋಡ್ ಅಳಿಸಿ, ಕಾರನ್ನು ಸ್ವಲ್ಪ ದೂರ ಓಡಿಸಿ ನೋಡಿದ ಮೇಲೆಯೇ ಮುಂದಿನ ಹೆಜ್ಜೆ ಇಡಬೇಕು.

ಎರಡು ವೈರಿನ ಹಳೆಯ ಕಾಯಿಲ್ ಸೆನ್ಸರನ್ನು ಮಲ್ಟಿಮೀಟರಿನಿಂದ ಅಳೆದರೆ ಸಾಮಾನ್ಯವಾಗಿ ಸಾವಿರ ಓಮ್‌ನ ಆಸುಪಾಸಿನಿಂದ ಎರಡು ಸಾವಿರದವರೆಗೆ ಬರುತ್ತದೆ. ಅಂಕಿಗಿಂತ ಎಡಬಲಗಳ ಹೋಲಿಕೆ ಮುಖ್ಯ: ಒಂದರಲ್ಲಿ 1,200 ಬಂದು ಇನ್ನೊಂದರಲ್ಲಿ ಮೀಟರ್ ಏನನ್ನೂ ತೋರಿಸದಿದ್ದರೆ ಎರಡನೆಯದರ ಕಾಯಿಲ್ ತುಂಡಾಗಿದೆ. ಸ್ವಲ್ಪ ಈಚಿನ ಕಾರುಗಳ ಆ್ಯಕ್ಟಿವ್ ಸೆನ್ಸರಿಗೆ ಕಂಪ್ಯೂಟರಿನಿಂದ ಕರೆಂಟ್ ಬರುತ್ತದೆ; ಅದನ್ನು ಓಮ್ ಅಳತೆಯಲ್ಲಿ ಪರೀಕ್ಷಿಸಬಾರದು, ಸ್ಕ್ಯಾನರಿನ ಲೈವ್ ಡೇಟಾದಲ್ಲಿ ನಾಲ್ಕೂ ಚಕ್ರಗಳ ವೇಗವನ್ನು ಹೋಲಿಸಬೇಕು.

ಇಷ್ಟೆಲ್ಲ ಸರಿಯಿದ್ದು, ಪಂಪ್ ಮೋಟಾರ್ ಅಥವಾ ವಾಲ್ವ್ ದೋಷದ ಕೋಡ್ ಮರಳಿ ಮರಳಿ ಬಂದರೆ ಮಾತ್ರ ಯೂನಿಟ್ ಬದಲಿಸುವ ಪ್ರಶ್ನೆ ಬರುತ್ತದೆ. ಭಾರತದಲ್ಲಿ ಎಬಿಎಸ್ ಹೊಸ ಮಾದರಿಯ ಕಾರುಗಳಿಗೆ 2018ರ ಏಪ್ರಿಲ್‌ನಿಂದ, ಮೊದಲೇ ಮಾರಾಟದಲ್ಲಿದ್ದ ಮಾದರಿಗಳಿಗೆ 2019ರ ಏಪ್ರಿಲ್‌ನಿಂದ ಕಡ್ಡಾಯವಾಯಿತು. ಅದಕ್ಕೂ ಮುಂಚೆ ಒಂದೇ ಹೆಸರಿನ ಕಾರಿನಲ್ಲಿ ಎಬಿಎಸ್ ಇದ್ದ ಮತ್ತು ಇಲ್ಲದ ವೇರಿಯಂಟುಗಳಿದ್ದವು. ಹಾಗಾಗಿ ಕಾರಿನ ಹೆಸರು ಹೇಳಿ ಗುಜರಿಯಿಂದ ತಂದರೆ ಸಾಲದು. ಹಳೆಯ ಯೂನಿಟ್ಟಿನ ಮೇಲಿನ ಪಾರ್ಟ್ ನಂಬರ್ ಅಕ್ಷರಶಃ ಹೊಂದಬೇಕು. ಗುಜರಿಯ ಯೂನಿಟ್ಟಿನ ಪೈಪು ತೂತುಗಳು ಮುಚ್ಚಳವಿಲ್ಲದೆ ತೆರೆದುಕೊಂಡಿದ್ದರೆ ನಾನು ಅದನ್ನು ಮುಟ್ಟುವುದಿಲ್ಲ, ಏಕೆಂದರೆ ಒಳಗೆ ತೇವವೂ ಮಣ್ಣೂ ಸೇರಿರುತ್ತವೆ.

ಬದಲಿಸುವಾಗ ಕಾರನ್ನು ಸಮತಟ್ಟಾದ ನೆಲದಲ್ಲಿ ಜಾಕ್ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಬ್ಯಾಟರಿಯ ನೆಗೆಟಿವ್ ತೆಗೆದ ಮೇಲೆಯೇ ಯೂನಿಟ್ಟಿನ ಕಪ್ಲರ್ ಬಿಚ್ಚಬೇಕು. ಸಾಮಾನ್ಯವಾಗಿ ಪೆಡಲ್ ಒತ್ತಡವನ್ನು ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರಿನಿಂದ ಎರಡು, ಚಕ್ರಗಳಿಗೆ ನಾಲ್ಕು, ಹೀಗೆ ಆರು ಪೈಪುಗಳಿರುತ್ತವೆ. ಬಿಚ್ಚುವ ಮುನ್ನ ಫೋಟೋ ತೆಗೆದು, ಪ್ರತಿ ಪೈಪಿಗೂ ಟೇಪ್ ಸುತ್ತಿ ಸಂಖ್ಯೆ ಬರೆಯಿರಿ. ಎರಡು ಪೈಪು ಅದಲುಬದಲಾದರೆ ಜಾರುತ್ತಿರುವ ಚಕ್ರವನ್ನು ಬಿಟ್ಟು ಬೇರೆ ಚಕ್ರದ ಬ್ರೇಕ್ ಸಡಿಲವಾಗುತ್ತದೆ. ನಟ್ಟುಗಳಿಗೆ ಹಿಂದಿನ ಸಂಜೆಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು, ಬ್ರೇಕ್ ಪೈಪಿಗೆಂದೇ ಇರುವ ಫ್ಲೇರ್ ನಟ್ ಸ್ಪ್ಯಾನರ್ ಬಳಸಬೇಕು. ಸಾಮಾನ್ಯ ಸ್ಪ್ಯಾನರ್ ಹಾಕಿದರೆ ಮೂಲೆಗಳು ಉರುಟಾಗಿ, ಅರ್ಧ ಗಂಟೆಯ ಕೆಲಸ ಹೊಸ ಪೈಪು ಮಾಡಿಸುವವರೆಗೆ ಹೋಗುತ್ತದೆ. ಬ್ರೇಕ್ ಆಯಿಲ್ ಪೇಂಟನ್ನು ಕರಗಿಸುವುದರಿಂದ ಒಂದು ಹನಿ ಬಿದ್ದರೂ ಕೂಡಲೇ ನೀರಿನಿಂದ ತೊಳೆಯಬೇಕು. ಹೊಸ ಯೂನಿಟ್ಟಿನ ಮುಚ್ಚಳಗಳನ್ನು ಒಂದೊಂದಾಗಿ, ಆಯಾ ಪೈಪು ಕೂರಿಸುವ ಹೊತ್ತಿಗಷ್ಟೇ ತೆಗೆದು, ನಟ್ಟನ್ನು ಮೊದಲ ಕೆಲವು ಸುತ್ತು ಬೆರಳಿನಿಂದಲೇ ತಿರುಗಿಸಿ. ಕೆಲವು ಕಾರುಗಳಲ್ಲಿ ಹೊಸ ಯೂನಿಟ್ಟಿಗೆ ಸ್ಕ್ಯಾನರಿನಿಂದ ಕೋಡಿಂಗ್ ಮಾಡಿಸುವುದೂ ಅಗತ್ಯ.

ಇನ್ನು ಏರ್ ತೆಗೆಯುವ ಕೆಲಸ, ಅಂದರೆ ಬ್ಲೀಡಿಂಗ್. ಬಹಳಷ್ಟು ಕೆಲಸ ಕೆಡುವುದು ಇಲ್ಲೇ. ಬ್ರೇಕ್ ಆಯಿಲ್ ಟ್ಯಾಂಕಿನ ಮುಚ್ಚಳದ ಮೇಲೆ ಬರೆದಿರುವ ದರ್ಜೆಯ ಆಯಿಲನ್ನೇ, ಸೀಲ್ ಒಡೆಯದ ಹೊಸ ಡಬ್ಬಿಯಿಂದ ಬಳಸಬೇಕು. ಡಾಟ್ 4 ದರ್ಜೆಯ ಆಯಿಲಿನ ಕುದಿಬಿಂದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್. ತೇವ ಹೀರಿದ ಮೇಲೆ ಅದರ ಕನಿಷ್ಠ ಮಟ್ಟ 155ಕ್ಕೆ ಇಳಿಯುತ್ತದೆ. ಸಹಾಯಕರೊಬ್ಬರು ಪೆಡಲ್ ತುಳಿದು ಹಿಡಿಯಬೇಕು, ನೀವು ಚಕ್ರದ ಬ್ರೇಕಿನಲ್ಲಿರುವ, ಗಾಳಿ ಹೊರಬಿಡುವ ನಿಪ್ಪಲ್ ಸಡಿಲಿಸಿ ಮತ್ತೆ ಬಿಗಿ ಮಾಡಿದ ಮೇಲೆಯೇ ಅವರು ಕಾಲೆತ್ತಬೇಕು. ಯಾವ ಚಕ್ರ ಮೊದಲು ಎಂಬುದು ಕಾರಿನಿಂದ ಕಾರಿಗೆ ಬೇರೆಯಾದ್ದರಿಂದ ಕಂಪನಿಯ ಸರ್ವಿಸ್ ಪುಸ್ತಕದ ಕ್ರಮವನ್ನೇ ಅನುಸರಿಸಿ. ಟ್ಯಾಂಕಿನ ಆಯಿಲ್ ತಳ ಮುಟ್ಟಲು ಬಿಟ್ಟರೆ ಇಡೀ ಕೆಲಸ ಮೊದಲಿನಿಂದ. ಯೂನಿಟ್ಟಿನ ವಾಲ್ವುಗಳ ಒಳಗೆ ಸಿಕ್ಕಿಕೊಂಡ ಗಾಳಿ ಕಾಲಿನ ಒತ್ತಡಕ್ಕೆ ಹೊರಬರದಿರಬಹುದು; ಸ್ಕ್ಯಾನರಿನಿಂದ ಪಂಪ್ ಮತ್ತು ವಾಲ್ವುಗಳನ್ನು ಓಡಿಸಿ, ನಾಲ್ಕೂ ಚಕ್ರಗಳನ್ನು ಮತ್ತೊಮ್ಮೆ ಬ್ಲೀಡ್ ಮಾಡಬೇಕು. ಪೆಡಲ್ ಸ್ಪಂಜಿನಂತೆ ಮೆತ್ತಗಿರುವವರೆಗೆ ಕಾರು ಗೇಟು ದಾಟಬಾರದು.

ಪರೀಕ್ಷೆಗೆ ಹೆದ್ದಾರಿ ಬೇಡ, ಜನರಿಲ್ಲದ ಮೈದಾನ ಸಾಕು. ಮೊದಲು ನಡಿಗೆಯ ವೇಗದಲ್ಲಿ ಹಲವು ಸಲ ಬ್ರೇಕ್ ಹಿಡಿದು ನೋಡಿ, ಬಳಿಕ 30 ಕಿಲೋಮೀಟರ್ ವೇಗದಲ್ಲಿ ಸಡಿಲ ಮಣ್ಣಿನ ಮೇಲೆ ಜೋರಾಗಿ ತುಳಿಯಿರಿ. ಪೆಡಲ್ ಅದುರಿ, ಚಕ್ರಗಳು ಉರುಳುತ್ತಲೇ ಕಾರು ನೇರವಾಗಿ ನಿಲ್ಲಬೇಕು, ದೀಪ ಮತ್ತೆ ಉರಿಯಬಾರದು. ಆ ರಾತ್ರಿ ಯೂನಿಟ್ಟಿನ ಕೆಳಗೆ ಒಂದು ಬಿಳಿ ಕಾಗದ ಸಿಕ್ಕಿಸಿಟ್ಟು, ಬೆಳಿಗ್ಗೆ ಅದು ಒಣಗಿಯೇ ಇದ್ದರೆ ಕಾರನ್ನು ರಸ್ತೆಗೆ ಇಳಿಸಬಹುದು.